ಹಾಡೋರು ಒಬ್ಬರು, ಮಾತಾಡೋರು ಯಾರು? ಅಪ್ಪಚ್ಚ ಕವಿ, ಬಾಳೋ ಪಾಟ್ ಮತ್ತು ಕಾವೇರಿ ಕಥೆ

ಒಂದು ದೇವರ ಹಾಡು ಕೊಟ್ಟು ರಸಗ್ರಹಣ ಬರೆಯಿರಿ ಅಂದರೆ ನಮ್ಮೆಲ್ಲರ ಮೊದಲ ಸಾಲು ಒಂದೇ. "ಈ ಗೀತೆಯಲ್ಲಿ ಭಕ್ತಿರಸ ತುಂಬಿ ತುಳುಕುತ್ತಿದೆ." ಈ ಸಾಲನ್ನು ಯಾವ ಹಾಡಿಗೆ ಬೇಕಾದರೂ ಅಂಟಿಸಬಹುದು. ಹಾಡು ಕೇಳದೆಯೂ ಬರೆಯಬಹುದು. ಅದಕ್ಕೇ ಅದರಿಂದ ಏನೂ ಪ್ರಯೋಜನ ಇಲ್ಲ. ಓದುವವರಿಗೆ ಹಾಡು ಕೇಳಿಸಬೇಕು, ಅಲ್ವಾ?

ರಸಗ್ರಹಣ ಬರೆಯಲು ಕಲಿಯುತ್ತಿರುವ ನಮ್ಮ ಗುಂಪಿಗೆ ಬರೆದ ಈ ಟಿಪ್ಪಣಿಯಲ್ಲಿ ನಾನು ಒಂದೇ ಒಂದು ಪ್ರಶ್ನೆ ಹಿಡಿದುಕೊಂಡು ಹೋಗುತ್ತೇನೆ. ಈ ಸಾಲನ್ನು ಹೇಳುತ್ತಿರುವುದು ಯಾರು? ಹಾಡುಗಾರರಾ, ಕಥೆಯೊಳಗಿನ ಪಾತ್ರವಾ, ದೇವರಾ, ಇಲ್ಲ ಕೇಳುತ್ತಾ ಕೂತ ಜನರ ಪರವಾಗಿ ಇನ್ನೊಬ್ಬರಾ? ಕಥೆ ಇರುವ ದೇವರ ಹಾಡಿಗೆ, ಅಂದರೆ ಕಥನಗೀತೆಗೆ, ಈ ಪ್ರಶ್ನೆ ಬಹಳ ಚೆನ್ನಾಗಿ ಕೂರುತ್ತದೆ. ಕೀರ್ತನೆಯಲ್ಲಿ ಹೆಚ್ಚಾಗಿ ಒಂದೇ ದನಿ ಇರುತ್ತದೆ. ಭಕ್ತ ದೇವರ ಜೊತೆ ಮಾತಾಡುತ್ತಾನೆ, ಬೇಡುತ್ತಾನೆ, ಕೆಲವೊಮ್ಮೆ ಜಗಳವನ್ನೂ ಆಡುತ್ತಾನೆ. ಕಥನಗೀತೆಯಲ್ಲಿ ಹಾಗಲ್ಲ. ಕಥೆ ಹೇಳುವವರು ಒಬ್ಬರು, ಕಥೆಯಲ್ಲಿ ಇರುವವರು ಹಲವರು, ಮತ್ತೆ ಎಲ್ಲರ ಮಾತೂ ಹಾಡುವವರ ಒಂದೇ ಗಂಟಲಿಂದಲೇ ಬರಬೇಕು.

ಉದಾಹರಣೆಗೆ ನಮ್ಮ ಕೊಡಗಿನವರನ್ನೇ ತೆಗೆದುಕೊಳ್ಳೋಣ. ಹರದಾಸ ಅಪ್ಪಚ್ಚ ಕವಿ. ಪೂರ್ತಿ ಹೆಸರು ಅಪ್ಪನೆರವಂಡ ಅಪ್ಪಚ್ಚ. ಹುಟ್ಟಿದ್ದು 1868, ತೀರಿಕೊಂಡಿದ್ದು 1944. ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಆದಿಕವಿ ಅಂತ ಅವರನ್ನು ಕರೆಯುತ್ತಾರೆ. ಕೊಡಗಿನಲ್ಲಿ ಅವರ ಹೆಸರು ಗೊತ್ತಿಲ್ಲದವರು ಕಡಿಮೆ. ಆದರೆ ಕೊಡಗಿನ ಗಡಿಯ ಆನೆಚೌಕೂರು ಗೇಟ್ ದಾಟಿ ಹುಣಸೂರು ಕಡೆ ಹೋಗಿ ಕೇಳಿ ನೋಡಿ, ಸಾಹಿತ್ಯದ ವಿದ್ಯಾರ್ಥಿಗಳೂ "ಯಾರು?" ಅನ್ನುತ್ತಾರೆ. ಕೊಡವ ತಕ್ಕ್ ಆಡುವವರು ಕರ್ನಾಟಕದ ಲೆಕ್ಕದಲ್ಲಿ ಬಹಳ ಚಿಕ್ಕ ಗುಂಪು, ಆ ಭಾಷೆಯಲ್ಲಿ ಬರೆದವರ ಹೆಸರು ಘಟ್ಟದ ಮೇಲೇ ಉಳಿದುಬಿಡುತ್ತದೆ.

ನಮಗೆ ಬೇಕಾದ ವಿಷಯ ಏನೆಂದರೆ, ಅವರು ಬರೀ ಕವಿ ಅಲ್ಲ. ಬರೆದರು, ಹಾಡಿದರು, ನಟಿಸಿದರು, ಹರಿಕಥೆಯನ್ನೂ ಮಾಡಿದರು. ಹೆಸರಿನ ಮುಂದೆ ಇರುವ "ಹರದಾಸ" ಬಂದಿದ್ದು ಅಲ್ಲಿಂದಲೇ. ನಾಲ್ಕು ನಾಟಕ ಬರೆದರು. ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿ. ಮೊದಲನೆಯದು 1906ರದ್ದು. ನಾಲ್ಕೂ ಪುರಾಣದ ಕಥೆ, ನಾಲ್ಕೂ ಕೊಡವ ತಕ್ಕಿನಲ್ಲಿ, ಬರೆದಿದ್ದು ಕನ್ನಡ ಲಿಪಿಯಲ್ಲಿ. ಆಗಿನ ನಾಟಕ ಅಂದರೆ ಹಾಡು ಬಿಟ್ಟು ನಾಟಕ ಇಲ್ಲ. ಪಾತ್ರ ಬರುವಾಗ ಹಾಡು, ಅಳುವಾಗ ಹಾಡು, ದೇವರು ಕಾಣಿಸಿಕೊಂಡರಂತೂ ಹಾಡು ಇರಲೇಬೇಕು.

ಅವರಿಗಿಂತ ಮುಂಚೆ ಕೊಡವರಲ್ಲಿ ದೇವರ ಕಥೆಗೆ ಹಾಡು ಇರಲಿಲ್ಲ ಅಂತಲ್ಲ. ಇತ್ತು, ಬೇಕಾದಷ್ಟು ಇತ್ತು. ಹಾಗಾಗಿ ನಮಗೆ ಹೋಲಿಸಲು ಮೂರು ಬಗೆ ಸಿಗುತ್ತವೆ. ಬಾಳೋ ಪಾಟ್ ಅನ್ನುವ ಕೊಡವರ ಜನಪದ ಹಾಡು, ಹರಿಕಥೆ, ನಾಟಕದ ಹಾಡು. ಮೂರಕ್ಕೂ ಒಂದೇ ಕಥೆ ಇಟ್ಟು ನೋಡಿದರೆ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಕಾವೇರಿ ಕಥೆಯನ್ನೇ ಇಡೋಣ.

ಕಥೆ ಎಲ್ಲರಿಗೂ ಗೊತ್ತು, ಆದರೂ ಬೇಗ ಒಂದು ಸಲ ಹೇಳಿಬಿಡುತ್ತೇನೆ. ಮಕ್ಕಳಿಲ್ಲದ ಕವೇರ ಮುನಿ ತಪಸ್ಸು ಮಾಡಿದ. ಬ್ರಹ್ಮ ಲೋಪಾಮುದ್ರೆಯನ್ನು ಅವನಿಗೆ ಮಗಳಾಗಿ ಕೊಟ್ಟ. ಕವೇರನ ಮಗಳು ಅಂತ ಕಾವೇರಿ. ನದಿಯಾಗಿ ಹರಿದು ಲೋಕಕ್ಕೆ ಒಳ್ಳೆಯದು ಮಾಡಬೇಕು ಅನ್ನೋದು ಅವಳ ಆಸೆ. ಅಷ್ಟರಲ್ಲಿ ಅಗಸ್ತ್ಯ ಬಂದು ಮದುವೆಯಾಗು ಅಂದ. ಅವಳು ಒಂದು ಷರತ್ತು ಹಾಕಿದಳು. ನನ್ನನ್ನು ಒಬ್ಬಳೇ ಬಿಟ್ಟು ಹೋಗಬಾರದು, ಹೋದರೆ ನಾನು ಹರಿದು ಹೋಗುತ್ತೇನೆ. ಒಂದು ದಿನ ಅವನು ಅವಳನ್ನು ಕಮಂಡಲದಲ್ಲಿ ಇಟ್ಟು, ಕಾಯಲು ಶಿಷ್ಯರನ್ನು ಬಿಟ್ಟು, ಸ್ನಾನಕ್ಕೆ ಹೋದ. ಅವಳು ಹರಿದಳು. ಶಿಷ್ಯರು ತಡೆಯಲು ಬಂದಾಗ ನೆಲದೊಳಗೆ ಇಳಿದು ಭಾಗಮಂಡಲದಲ್ಲಿ ಮೇಲೆ ಬಂದಳು. ಅಲ್ಲಿ ಕನ್ನಿಕೆ, ಸುಜ್ಯೋತಿ ನದಿಗಳು ಸೇರಿದವು. ಮುಂದೆ ಬಲಮುರಿಯಲ್ಲಿ ರಾಜ ದೇವಕಾಂತ ಮತ್ತು ಜನ ಅವಳಿಗಾಗಿ ಕಾದು ನಿಂತಿದ್ದರು. ನೀರಿನ ರಭಸಕ್ಕೆ ಹೆಂಗಸರ ಸೀರೆ ನೆರಿಗೆ ಮುಂದಿನಿಂದ ಹಿಂದಕ್ಕೆ ತಿರುಗಿತು. ಕೊಡವ ಹೆಂಗಸರು ಇವತ್ತಿಗೂ ನೆರಿಗೆಯನ್ನು ಹಿಂದೆ ಇಡುವುದು ಅದಕ್ಕೇ ಅಂತ ಕಥೆ.

ಈ ಕಥೆಯಲ್ಲಿ ಅತಿ ಮುಖ್ಯವಾದ ಗಳಿಗೆ ಯಾವುದು? ನನ್ನ ಪ್ರಕಾರ ಕಮಂಡಲದ್ದು. ತಲಕಾವೇರಿಯಲ್ಲಿ ನೀರು ಉಕ್ಕುವ ತೀರ್ಥೋದ್ಭವವೂ ಅಲ್ಲ, ಸೀರೆಯೂ ಅಲ್ಲ. ಒಬ್ಬ ಗಂಡ ಮಾತು ಮುರಿದ, ಒಬ್ಬ ಹೆಂಡತಿ ಹೊರಟಳು, ಅವಳು ಹೊರಟಿದ್ದರಿಂದ ಒಂದು ನಾಡಿಗೆ ನೀರು ಬಂತು. ಮನೆಗೆ ನಷ್ಟ, ಲೋಕಕ್ಕೆ ಲಾಭ. ಹಾಡುವವರು ಈ ಗಳಿಗೆಯನ್ನು ಯಾರ ಬಾಯಲ್ಲಿ ಇಡುತ್ತಾರೆ ಅನ್ನೋದರ ಮೇಲೆ ಇಡೀ ಹಾಡಿನ ಬಣ್ಣ ನಿಂತಿದೆ.

ಒಂದು ಪ್ರಯೋಗ ಮಾಡೋಣ. ಕೆಳಗಿನ ಸಾಲುಗಳನ್ನು ಸುಮ್ನೆ ನಾನೇ ಕಟ್ಟಿದ್ದು, ಯಾವ ಹಾಡಿನವೂ ಅಲ್ಲ.

"ಮೀಯಲು ಹೋದ ಮುನಿ, ಹಿಂದೆ ಹರಿದಳು ಕಾವೇರಿ."

"ಮೀಯಲು ಹೋದ ಮುನಿ, ನೀ ಹರಿದೆ ತಾಯೇ ಕಾವೇರಿ."

"ಮೀಯಲು ಹೋದೆಯಾ ಮುನಿಯೇ? ಇಗೋ ಹರಿದೆ ನಾನು."

ಘಟನೆ ಒಂದೇ. ಮೊದಲನೆಯದರಲ್ಲಿ ಕಥೆ ಹೇಳುವವರು ದೂರ ನಿಂತಿದ್ದಾರೆ. ಎರಡನೆಯದರಲ್ಲಿ ಅವರು ಕಥೆ ನಿಲ್ಲಿಸದೆಯೇ ದೇವಿಯ ಕಡೆ ತಿರುಗಿ ಕೈಮುಗಿದಿದ್ದಾರೆ, ಆ ಒಂದು ಸಾಲಿನಲ್ಲಿ ಕಥೆಯೂ ಇದೆ ಪೂಜೆಯೂ ಇದೆ. ಮೂರನೆಯದರಲ್ಲಿ ಕಥೆಗಾರರೇ ಇಲ್ಲ. ದೇವಿ ನೇರವಾಗಿ ಮಾತಾಡುತ್ತಿದ್ದಾಳೆ, ಅದೂ ಸಿಟ್ಟಿನಲ್ಲಿ. ಹಾಡು ಕೇಳುವಾಗ ಕ್ರಿಯಾಪದದ ಕೊನೆ, ಅದರ ಜೊತೆಗಿನ ನೀನು, ನಾನು ಗಮನಿಸಿ. ಹರಿದಳು, ನೀ ಹರಿದೆ, ಹರಿದೆ ನಾನು. ಹೇಳುವವರು ಎಲ್ಲಿ ನಿಂತಿದ್ದಾರೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಈಗ ಬಾಳೋ ಪಾಟ್‌ಗೆ ಬರೋಣ. ನಾಲ್ಕು ಜನ ಗಂಡಸರು ಹಾಡುತ್ತಾರೆ, ಕೈಯಲ್ಲಿ ದುಡಿ ಅನ್ನುವ ಚಿಕ್ಕ ಚರ್ಮವಾದ್ಯ. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಮೊದಲು ದೇವರು, ಸೂರ್ಯ, ಚಂದ್ರ, ನಾಡು ಎಲ್ಲರನ್ನೂ ನೆನೆದು ಆಮೇಲೆ ಕಥೆಗೆ ಬರುತ್ತಾರೆ. ಮದುವೆಗೂ ಹಾಡುತ್ತಾರೆ, ಸುಗ್ಗಿ ಹಬ್ಬವಾದ ಪುತ್ತರಿಗೂ ಹಾಡುತ್ತಾರೆ, ಸಾವಿಗೂ ಹಾಡುತ್ತಾರೆ. ಸಂದರ್ಭಕ್ಕೆ ತಕ್ಕ ಹಾಗೆ ಹಾಡು ಬದಲಾಗುತ್ತದೆ. ದುಡಿಯ ಪೆಟ್ಟು ಮಾತ್ರ ಒಂದೇ ಹದದಲ್ಲಿ ನಡೆಯುತ್ತಿರುತ್ತದೆ.

ಹೊಸದಾಗಿ ಕೇಳುವವರಿಗೆ ಇದು ಬೇಜಾರು ಬರಿಸಬಹುದು, ಸುಳ್ಳು ಹೇಳಲ್ಲ. ಒಂದೇ ಧಾಟಿ, ಅದೇ ಸಾಲು ಎರಡು ಸಲ. ಸಿನಿಮಾ ಹಾಡಿನ ಕಿವಿಗೆ ಅಲ್ಲಿ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆದರೆ ನಮ್ಮ ಪ್ರಶ್ನೆ ಇಟ್ಟುಕೊಂಡು ಕೇಳಿ. ಮೊದಲ ಜೋಡಿ ಒಂದು ಸಾಲು ಹೇಳಿದಾಗ ಅದು ಸುದ್ದಿ. ಎರಡನೇ ಜೋಡಿ ಅದನ್ನೇ ಹೇಳಿದಾಗ ಅದು ಒಪ್ಪಿಗೆ. ಹೌದು, ಹಾಗೇ ಆಯಿತು, ನಮಗೂ ಗೊತ್ತು ಅಂದ ಹಾಗೆ. ಒಬ್ಬ ಭಕ್ತನ ಅನುಭವ ಅಲ್ಲ ಇದು, ನಾಡಿನ ನೆನಪು. ಇಲ್ಲಿ ಯಾರೂ ಕಾವೇರಿ ಆಗುವುದಿಲ್ಲ, ಯಾರೂ ಅಗಸ್ತ್ಯ ಆಗುವುದಿಲ್ಲ. ದೇವಿ ಮಾತಾಡುವ ಸಾಲು ಬಂದರೂ ಅದನ್ನು ನಾಲ್ಕು ಗಂಡಸರು ಜೋಡಿ ಜೋಡಿಯಾಗಿ ಹೇಳುತ್ತಾರೆ, ಹಾಗಾಗಿ ಅದು ನಟನೆ ಆಗಲು ಸಾಧ್ಯವೇ ಇಲ್ಲ. ದುಃಖದ ಜಾಗದಲ್ಲೂ ದುಡಿ ನಿಧಾನ ಆಗುವುದಿಲ್ಲ, ಗಂಟಲು ಗದ್ಗದ ಆಗುವುದಿಲ್ಲ. ಅಳಬೇಕೋ ಬೇಡವೋ ಅನ್ನೋದನ್ನು ಕೇಳುವವರಿಗೆ ಬಿಟ್ಟಿದ್ದಾರೆ.

ತಿರುಗಿ ಹೇಳುವುದಕ್ಕೆ ಇನ್ನೊಂದು ಉಪಯೋಗವೂ ಇದೆ. ಎರಡನೇ ಜೋಡಿ ಹೇಳುವಷ್ಟರಲ್ಲಿ ಮೊದಲನೆಯವರಿಗೆ ಮುಂದಿನ ಸಾಲು ನೆನಪಿಸಿಕೊಳ್ಳಲು ಸಮಯ ಸಿಗುತ್ತದೆ. ಬಾಯಿಪಾಠದ ಹಾಡಿಗೆ ಇದು ಬೇಕೇ ಬೇಕು. ಕೇಳುವವರಿಗೂ ತಪ್ಪಿದ ಪದ ಇನ್ನೊಂದು ಸಲ ಸಿಗುತ್ತದೆ, ಮದುವೆ ಮನೆಯ ಗಲಾಟೆಯಲ್ಲಿ ಅದು ಸಣ್ಣ ಅನುಕೂಲ ಅಲ್ಲ.

ಈ ಹಾಡುಗಳು ಕಾಗದಕ್ಕೆ ಬಂದ ಕಥೆಯೂ ತಿಳಿದಿರಲಿ. 1871ರಲ್ಲಿ ಮದ್ರಾಸಿನಲ್ಲಿ ಅಚ್ಚಾದ ಚಾರ್ಲ್ಸ್ ಗೋವರ್ ಅವರ ದಕ್ಷಿಣ ಭಾರತದ ಜನಪದ ಹಾಡುಗಳ ಪುಸ್ತಕದಲ್ಲೇ ಕೊಡಗಿನ ಹಾಡುಗಳು ಇಂಗ್ಲಿಷಿನಲ್ಲಿ ಇವೆ. ಮೂಲ ಹಾಡುಗಳ ದೊಡ್ಡ ಸಂಗ್ರಹ ಅಂದರೆ ನಡಿಕೇರಿಯಂಡ ಚಿಣ್ಣಪ್ಪ ಅವರ ಪಟ್ಟೋಲೆ ಪಳಮೆ, 1924ರದ್ದು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1952ರಲ್ಲಿ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಪುಸ್ತಕ ತಂದಾಗ ಇದನ್ನು ಚೆನ್ನಾಗಿ ಬಳಸಿಕೊಂಡರು. ಚಿಣ್ಣಪ್ಪ ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಪಟ್ಟೋಲೆ ಪಳಮೆಯನ್ನು 2003ರಲ್ಲಿ ಇಂಗ್ಲಿಷಿಗೆ ತಂದರು. ಓದಿ, ಖಂಡಿತ ಓದಿ. ಆದರೆ ಕಣ್ಣಲ್ಲಿ ಓದುವಾಗ ಎರಡನೇ ಜೋಡಿಯ ದನಿ ಬಿಟ್ಟುಹೋಗುತ್ತದೆ, ಹಾಡಿನ ಅರ್ಧ ಭಾಗ ಅದೇ ಆಗಿದ್ದರೂ. ಆದ್ದರಿಂದ ಓದುವಾಗ ಪ್ರತಿ ಸಾಲನ್ನೂ ಜೋರಾಗಿ ಎರಡು ಸಲ ಓದಿ. ಪಕ್ಕದ ಮನೆಯವರು ಏನಾದರೂ ಅಂದುಕೊಳ್ಳಲಿ.

ಹರಿಕಥೆ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಒಬ್ಬರೇ ಎಲ್ಲರೂ ಆಗುತ್ತಾರೆ. ಕೈಯಲ್ಲಿ ತಾಳ, ಹಿಂದೆ ಹಾರ್ಮೋನಿಯಂ, ಮೃದಂಗ ಅಥವಾ ತಬಲಾ. ಪೀಠಿಕೆ ಹಾಕಿ, ಕಥೆ ಹೇಳುತ್ತಾ ಹೇಳುತ್ತಾ, ಒಂದು ಗಳಿಗೆಗೆ ದಾಸರು ಸೊಂಟ ಸ್ವಲ್ಪ ಬಗ್ಗಿಸಿ ಮುನಿ ಆಗುತ್ತಾರೆ, ಶಾಲು ತಲೆ ಮೇಲೆ ಎಳೆದುಕೊಂಡು ದೇವಿ ಆಗುತ್ತಾರೆ, ಹಾಡು ಮುಗಿದ ಕೂಡಲೇ ಶಾಲು ಇಳಿಸಿ ನಮ್ಮ ಕಡೆ ನೋಡಿ ಒಂದು ತಮಾಷೆ ಮಾಡಿ, ಗಂಡಂದಿರಾ ಮಾತು ಕೊಡುವಾಗ ಹುಷಾರು ಅಂತ ಹೇಳಿ ನಗಿಸುತ್ತಾರೆ. ನಗು ಮುಗಿಯುವ ಮುಂಚೆಯೇ ಮತ್ತೆ ದೇವಿ.

ಕೆಲವರು ಈ ತಮಾಷೆಯನ್ನು ದೋಷ ಅಂತ ಬರೆಯುತ್ತಾರೆ, ಭಕ್ತಿಗೆ ಭಂಗ ಅಂತ. ನನಗೆ ಹಾಗೆ ಅನ್ನಿಸುವುದಿಲ್ಲ. ದಾಸರು ಪಾತ್ರದಿಂದ ಹೊರಗೆ ಬರುವುದರಿಂದಲೇ ಒಳಗೆ ಹೋಗಿದ್ದು ನಮಗೆ ಕಾಣುತ್ತದೆ. ಅವರು ನಟರು, ನಮಗೆ ಅದು ಗೊತ್ತು, ನಮಗೆ ಗೊತ್ತಿದೆ ಅಂತ ಅವರಿಗೂ ಗೊತ್ತು. ಆದರೂ ಆ ಗಳಿಗೆಯಲ್ಲಿ ಅಜ್ಜಿಯಂದಿರು ಕೈಮುಗಿಯುತ್ತಾರೆ. ರಸಗ್ರಹಣದಲ್ಲಿ ಬರೆಯಬೇಕಾದ್ದು ಈ ದಾಟುವ ಜಾಗದ ಬಗ್ಗೆ. ಮಾತಿನಿಂದ ಹಾಡಿಗೆ ಹೋಗುವಾಗ ಯಾವ ಪದದ ಮೇಲೆ ದಾಟಿದರು? ಕಥೆಗಾರರ ದನಿಯಲ್ಲಿ ಶುರುವಾದ ಸಾಲು ಪಾತ್ರದ ದನಿಯಲ್ಲಿ ಮುಗಿಯಿತಾ?

ಅಪ್ಪಚ್ಚ ಕವಿ ವಿಶೇಷ ಆಗುವುದು ಇಲ್ಲೇ. ಬಾಳೋ ಪಾಟ್ ಇದ್ದ ನಾಡಿಗೆ, ಹರಿಕಥೆ ಮಾಡಿ ಪಳಗಿದ ಒಬ್ಬ ಮನುಷ್ಯ, ಅದೇ ಜನರ ಭಾಷೆಯಲ್ಲಿ ನಾಟಕ ತಂದರು. ನಾಟಕ ಅಂದಮೇಲೆ ದನಿಗಳನ್ನು ಹಂಚಲೇಬೇಕು. ಅಗಸ್ತ್ಯನಿಗೆ ಒಬ್ಬ ನಟ, ಕಾವೇರಿಗೆ ಒಬ್ಬ ನಟ. ಆ ಕಾಲದ ರಂಗಭೂಮಿಯಲ್ಲಿ ಹೆಣ್ಣು ಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು ಅನ್ನೋದು ಬೇರೆ. ದುಡಿಯ ಜೊತೆ "ಅವಳು" ಆಗಿದ್ದ ದೇವಿ ಈಗ ದೀಪದ ಬೆಳಕಿನಲ್ಲಿ "ನಾನು" ಅನ್ನಬೇಕು. ಇದು ಚಿಕ್ಕ ಬದಲಾವಣೆ ಅಲ್ಲ. ಕಾವೇರಮ್ಮೆಯನ್ನು ತಾಯಿ ಅಂತ ಪೂಜಿಸುವ ಜನ, ತುಲಾ ಸಂಕ್ರಮಣಕ್ಕೆ, ಅಂದರೆ ಅಕ್ಟೋಬರ್ ಮಧ್ಯದಲ್ಲಿ, ತಲಕಾವೇರಿಯ ಕುಂಡಿಕೆಯ, ಅಂದರೆ ನದಿ ಹುಟ್ಟುವ ಪುಟ್ಟ ಕೊಳದ, ಮುಂದೆ ನಿಂತು ತೀರ್ಥ ಉಕ್ಕುವುದನ್ನು ಕಾಯುವ ಜನ, ಅದೇ ತಾಯಿಗೆ ಒಂದು ಮನಸ್ಸು, ಒಂದು ಸಂಕಟ, ಗಂಡನ ಜೊತೆ ಒಂದು ವಾದ ಇರುವುದನ್ನು ಅವಳ ಬಾಯಲ್ಲೇ ಕೇಳಬೇಕು. ಹಾಡು ಅಲ್ಲಿ ಸಹಾಯಕ್ಕೆ ಬರುತ್ತದೆ. ಬರೀ ಮಾತಿನಲ್ಲಿ ದೇವಿ ಗಂಡನ ಮೇಲೆ ರೇಗಿದರೆ ಮನೆ ಜಗಳ ಆಗಿಬಿಡುತ್ತದೆ. ರಾಗ, ತಾಳದಲ್ಲಿ ರೇಗಿದರೆ ಅದಕ್ಕೊಂದು ಘನತೆ ಇರುತ್ತದೆ.

ಯಾವುದು ಉತ್ತಮ ಅಂತ ಕೇಳಿದರೆ? ಷರತ್ತು ಹಾಕುವ ಭಾಗ ನಾಟಕದಲ್ಲಿ ಗೆಲ್ಲುತ್ತದೆ, ಯಾಕೆಂದರೆ ಅಲ್ಲಿ ಎರಡು ಮನಸ್ಸು ಎದುರುಬದುರು ನಿಲ್ಲಬೇಕು. ಆದರೆ ಹರಿದು ಹೋಗುವ ಭಾಗಕ್ಕೆ ನನ್ನ ಓಟು ದುಡಿಗೇ. ವೇದಿಕೆ ಮೇಲೆ ನದಿಯನ್ನು ಎಷ್ಟು ತೋರಿಸಿದರೂ ನೀಲಿ ಬಟ್ಟೆ ನೀಲಿ ಬಟ್ಟೆಯೇ. ನಿಲ್ಲದೆ ನಡೆಯುವ ದುಡಿ ಪೆಟ್ಟು ಆ ಕೆಲಸವನ್ನು ಏನೂ ತೋರಿಸದೆ ಮಾಡುತ್ತದೆ.

ಊರುಗಳ ಹೆಸರು ಬಂದಾಗ ಹಾರಿಸಬೇಡಿ. ಪುರಾಣದ ಕಥೆ ಎಲ್ಲಿ ಬೇಕಾದರೂ ನಡೆಯಬಹುದು, ಬ್ರಹ್ಮನ ಲೋಕಕ್ಕೆ ಪಿನ್‌ಕೋಡ್ ಇಲ್ಲ. ಆದರೆ ಹಾಡು ಬ್ರಹ್ಮಗಿರಿ, ತಲಕಾವೇರಿ, ಭಾಗಮಂಡಲ, ಬಲಮುರಿ ಅಂತ ಇಳಿಯಲು ಶುರು ಮಾಡಿದ ಕೂಡಲೇ ಕೇಳುವವರು ಕಥೆಯ ಒಳಗೆ ಬಂದುಬಿಡುತ್ತಾರೆ. ಬಲಮುರಿಯಲ್ಲಿ ಕಾದು ನಿಂತವರು ನಮ್ಮ ಅಜ್ಜಿಯ ಅಜ್ಜಿಯರು ತಾನೇ. ಸೀರೆ ನೆರಿಗೆಯ ಮಾತು ಬಂದಾಗ ಅಲ್ಲಿ ಕೂತ ಹೆಂಗಸರು ಅದೇ ಸೀರೆ ಉಟ್ಟಿರುತ್ತಾರೆ, ಸಾಕ್ಷಿ ಎದುರಿಗೇ ಇದೆ. ಇಲ್ಲಿ ಮಾತಾಡುತ್ತಿರುವುದು ಹಾಡುಗಾರರೂ ಅಲ್ಲ ದೇವಿಯೂ ಅಲ್ಲ, ಕೇಳುವವರೇ ಅಂತ ನೀವು ಬರೆದರೂ ತಪ್ಪಾಗುವುದಿಲ್ಲ.

ಭಾಷೆಯ ವಿಷಯ. ನಮ್ಮ ಗುಂಪಿನಲ್ಲಿ ಮನೆಮಾತು ಕನ್ನಡ ಇರುವವರಿದ್ದಾರೆ, ಅರೆಭಾಷೆ, ಮಲಯಾಳಂ, ತುಳು ಇರುವವರೂ ಇದ್ದಾರೆ. ಕೊಡವ ತಕ್ಕ್ ಬಾರದಿದ್ದರೆ ಮೊದಲು ಕಥೆಯನ್ನು ಗೊತ್ತಿರುವ ಒಬ್ಬರ ಹತ್ತಿರ ಹೇಳಿಸಿಕೊಳ್ಳಿ, ಆಮೇಲೆ ಕೇಳಿ. ಪದ ಪದಕ್ಕೂ ಅರ್ಥ ಹುಡುಕುತ್ತಾ ಕೂತರೆ ದನಿ ಬದಲಾಗಿದ್ದು ಗೊತ್ತಾಗುವುದೇ ಇಲ್ಲ. ರೆಕಾರ್ಡಿಂಗ್ ಕೇಳುವುದಾದರೆ ಕೀಬೋರ್ಡ್, ರಿದಂ ಪ್ಯಾಡ್ ಹಾಕಿದ್ದನ್ನು ಬಿಡಿ. ಅದರಲ್ಲಿ ತಪ್ಪೇನಿಲ್ಲ, ಆದರೆ ಎರಡನೇ ಜೋಡಿಯನ್ನು ಹಿಂದಿನ ಕೋರಸ್ ಮಾಡಿಬಿಡುತ್ತಾರೆ, ನಮ್ಮ ಪಾಠಕ್ಕೆ ಬೇಕಾದ್ದೇ ಹೋಗಿಬಿಡುತ್ತದೆ.

ಉತ್ತರ ಬರೆಯುವಾಗ ಹೇಗಿರಬೇಕು ಅಂತ ಒಂದು ಮಾದರಿ. ಭಕ್ತಿರಸ ತುಳುಕುತ್ತಿದೆ ಅನ್ನುವ ಬದಲು ಹೀಗೆ ಬರೆಯಬಹುದು. "ಕಥೆಗಾರ ಮೊದಲಿನಿಂದ 'ಅವಳು' ಎಂದೇ ಹೇಳುತ್ತಾ ಬಂದು ಕಮಂಡಲದ ಸಾಲಿನಲ್ಲಿ ಮಾತ್ರ 'ತಾಯೇ' ಎಂದು ಕರೆಯುತ್ತಾನೆ. ಅಲ್ಲಿಯವರೆಗೆ ಅವಳು ಮುನಿಯ ಹೆಂಡತಿ, ಅಲ್ಲಿಂದ ಮುಂದೆ ನಾಡಿನ ತಾಯಿ." ಎರಡೇ ವಾಕ್ಯ. ಆದರೆ ಇದನ್ನು ಬೇರೆ ಹಾಡಿಗೆ ಅಂಟಿಸಲು ಆಗುವುದಿಲ್ಲ.

ಇನ್ನೊಂದು ವಿಷಯ, ಇದು ಚರ್ಚೆಗೆ. ಕಾವೇರಿ ಹರಿದ ಕಥೆಗೆ ಇನ್ನೊಂದು ಪಾಠವೂ, ಅಂದರೆ ಇನ್ನೊಂದು ರೂಪವೂ, ಇದೆ. ಗಣಪತಿ ಕಾಗೆಯಾಗಿ ಬಂದು ಕಮಂಡಲ ಉರುಳಿಸಿದ, ನೀರು ಹರಿಯಿತು ಅಂತ. ತಮಿಳುನಾಡಿನ ಕಡೆ ಇದು ಜಾಸ್ತಿ ಪ್ರಚಾರದಲ್ಲಿದೆ, ನಮ್ಮಲ್ಲೂ ಹೇಳುತ್ತಾರೆ. ಈ ಪಾಠದಲ್ಲಿ ಅಗಸ್ತ್ಯನ ತಪ್ಪು ಇಲ್ಲ, ಕಾವೇರಿಯ ನಿರ್ಧಾರವೂ ಇಲ್ಲ. ಕೆಲಸ ಮಾಡಿದ್ದು ಕಾಗೆ. ಹಾಗಾದರೆ ಈ ಪಾಠವನ್ನು ಹಾಡು ಮಾಡುವವರು ಆ ಗಳಿಗೆಯನ್ನು ಯಾರ ಬಾಯಲ್ಲಿ ಇಡಬೇಕು? ದೇವಿಗೆ ಅಲ್ಲಿ ಹೇಳಲು ಏನಿದೆ? ಮುಂದಿನ ವಾರ ಸೇರುವಾಗ ಎರಡೂ ಪಾಠಕ್ಕೆ ನಾಲ್ಕು ನಾಲ್ಕು ಸಾಲು ನೀವೇ ಕಟ್ಟಿಕೊಂಡು ಬನ್ನಿ, ಕನ್ನಡದಲ್ಲಾದರೂ ಸರಿ, ತಕ್ಕಿನಲ್ಲಾದರೂ ಸರಿ. ದುಡಿ ಇದ್ದವರು ತನ್ನಿ.